ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿಯ ‘ಜಿಗ್ಗಿ ಸ್ಟಾರ್‌ಡಸ್ಟ್’ ಆಲ್ಬಮ್‌ನ ಮರುಬಿಡುಗಡೆಗಳ ಬಗ್ಗೆ ಕೇಳುಗರ ಅಭಿಪ್ರಾಯವೇನು? ಯಾವುದನ್ನು ಕೊಳ್ಳಬಹುದು?

ನಕ್ಷತ್ರಲೋಕದ ಸಂದೇಶ ತರುವ ರಾಕ್ ಗಾಯಕನ ಕಥೆಯುಳ್ಳ 1972ರ ಈ ಆಲ್ಬಮ್‌ನ ಹಾಡುಗಳ ಬಗ್ಗೆ ಅಭಿಮಾನಿಗಳಲ್ಲಿ ತಕರಾರಿಲ್ಲ. ಭಿನ್ನಾಭಿಪ್ರಾಯವಿರುವುದು ಧ್ವನಿಯ ಬಗ್ಗೆ. 1990ರ ಸಿಡಿಯಲ್ಲಿ ಐದು ಹೆಚ್ಚುವರಿ ಹಾಡುಗಳಿದ್ದರೂ ಅದರ ಧ್ವನಿ ತುಸು ತೀಕ್ಷ್ಣವಾಯಿತೆಂದು ಹಲವರು ಹೇಳುತ್ತಾರೆ. 2002ರ ಮೂವತ್ತನೇ ವರ್ಷದ ಆವೃತ್ತಿಯಲ್ಲಂತೂ ಸ್ಟೀರಿಯೋದ ಎಡಬಲಗಳೇ ಅದಲುಬದಲಾಗಿದ್ದವು. ಹಳೆಯ ಎಲ್‌ಪಿಯನ್ನು ವರ್ಷಗಟ್ಟಲೆ ಕೇಳಿ, ಯಾವ ವಾದ್ಯ ಯಾವ ಕಿವಿಗೆ ಬರುತ್ತದೆಂದು ಬಾಯಿಪಾಠವಾಗಿದ್ದವರಿಗೆ ಇದು ಸಹಿಸಲಾಗದ ತಪ್ಪಾಗಿ ಕಂಡದ್ದು ನ್ಯಾಯವೇ ಸರಿ. ಈ ಆಲ್ಬಮ್ ಧ್ವನಿಮುದ್ರಣಗೊಂಡ ಟ್ರೈಡೆಂಟ್ ಸ್ಟುಡಿಯೋದಲ್ಲಿ ಹಿಂದೆ ಎಂಜಿನಿಯರ್ ಆಗಿದ್ದ ರೇ ಸ್ಟಾಫ್ ಅವರು ರೀಮಾಸ್ಟರ್ ಮಾಡಿದ, ಅಂದರೆ ಮೂಲ ಧ್ವನಿಮುದ್ರಣವನ್ನು ಹೊಸದಾಗಿ ಸಂಸ್ಕರಿಸಿದ, 2012ರ ಆವೃತ್ತಿಯನ್ನೇ ನಾನು ಸೂಚಿಸುತ್ತೇನೆ. ‘ಫೈವ್ ಇಯರ್ಸ್’ ಹಾಡಿನ ಆರಂಭದಲ್ಲಿ ಮೌನದೊಳಗಿಂದ ಒಂಟಿಯಾಗಿ, ಮೆಲ್ಲಮೆಲ್ಲನೆ ಹತ್ತಿರವಾಗುವ ಡ್ರಮ್ಸ್ ಇದರಲ್ಲಿ ಬಹಳ ಸಹಜವಾಗಿ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡು ಮೊದಲು ಅದನ್ನೇ ಕೇಳಿ ನೋಡಿ.