ಬರಕ್ಕೂ ಬೆಂಕಿಗೂ ಒಂದೇ ಅರ್ಜಿ ಸಾಲದು

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ನನಗೆ ಒಂದೂವರೆ ಎಕರೆ ಅಡಿಕೆ ತೋಟವಿದೆ. ಮಳೆ ಕೈಕೊಟ್ಟು ಮರಗಳು ಸೊರಗಿದ್ದವು. ಕಳೆದ ವಾರ ಸೊಪ್ಪಿನಬೆಟ್ಟದಿಂದ (ತೋಟಕ್ಕೆ ಸೊಪ್ಪು ತರುವ ಕಾಡಿನಿಂದ) ಇಳಿದ ಕಾಡ್ಗಿಚ್ಚು ಅರ್ಧಕ್ಕೂ ಹೆಚ್ಚು ತೋಟವನ್ನು ಸುಟ್ಟಿತು. ಪಹಣಿಯಲ್ಲಿ ಇನ್ನೂ ಭತ್ತವೆಂದೇ ಇದೆ. ಪರಿಹಾರ ಸಿಗುವುದೇ?

ಉತ್ತರ: ಸಿಗಲು ಅವಕಾಶವಿದೆ, ಆದರೆ ಬರ ಮತ್ತು ಬೆಂಕಿಯನ್ನು ನೀವು ಬೇರೆಬೇರೆಯಾಗಿ ನೋಡಬೇಕು. ಬರ ಪರಿಹಾರಕ್ಕೆ ಮಳೆಯ ಕೊರತೆ, ಮಣ್ಣಿನ ತೇವಾಂಶ ಮೊದಲಾದವುಗಳನ್ನು ಪರಿಶೀಲಿಸಿ ಸರ್ಕಾರ ತಾಲ್ಲೂಕನ್ನೇ ಬರಪೀಡಿತವೆಂದು ಘೋಷಿಸಿರಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಹಾಗೆ ಘೋಷಿತವಾಗಿದ್ದವು. ಬೆಂಕಿಯೂ ವಿಕೋಪ ಪರಿಹಾರ ನಿಧಿಯ ಪಟ್ಟಿಯಲ್ಲಿದೆ, ಅದಕ್ಕೆ ತಾಲ್ಲೂಕಿನ ಘೋಷಣೆ ಬೇಕಿಲ್ಲ, ನಿಮ್ಮ ಸರ್ವೆ ನಂಬರಿನ ಹಾನಿಯೇ ಆಧಾರ.

ಹಾನಿ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. 2022ರಿಂದ 2026ರ ಮಾರ್ಚ್‌ವರೆಗಿನ ಅವಧಿಗೆ ಕೇಂದ್ರ ನಿಗದಿಪಡಿಸಿದ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ ಎರಡು ಹೆಕ್ಟೇರು. ಕೆಲವು ವರ್ಷ ರಾಜ್ಯವು ಇದರ ಮೇಲೆ ಹೆಚ್ಚುವರಿ ಮೊತ್ತ ಸೇರಿಸಿದ್ದುಂಟು. ಆ ದರದಂತೆ, ನಿಮ್ಮ ಒಂದೂವರೆ ಎಕರೆ ಪೂರ್ತಿ ಸುಟ್ಟಿದ್ದರೂ ಅಡಿಕೆಯೆಂದು ದಾಖಲಾದರೆ ಸುಮಾರು 13,600 ರೂಪಾಯಿ, ಮಳೆಯಾಶ್ರಿತ ಭತ್ತವೆಂದಾದರೆ ಬರೀ 5,100ರ ಆಸುಪಾಸು. ಮರ ಫಲಕ್ಕೆ ಬರಲು ಹಿಡಿಯುವ ವರ್ಷಗಳನ್ನು ನೆನೆದರೆ ಎರಡೂ ಅಲ್ಪವೇ, ಆದರೂ ಗದ್ದೆಯನ್ನು ತೋಟ ಮಾಡಿದ ಮಲೆನಾಡಿನ ಅನೇಕ ಕುಟುಂಬಗಳು ದಾಖಲೆ ತಿದ್ದಿಸದೆ ಈ ವ್ಯತ್ಯಾಸವನ್ನು ಕಳೆದುಕೊಳ್ಳುವುದು ನನಗೆ ಬಹಳ ನೋವಿನ ಸಂಗತಿ. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ಸರ್ಕಾರದ ಬೆಳೆ ಸಮೀಕ್ಷೆಯ ವಿವರ ನೋಡಿ ಇಂದೇ ಆಕ್ಷೇಪಣೆ ಸಲ್ಲಿಸಿ.

ಗ್ರಾಮ ಆಡಳಿತಾಧಿಕಾರಿಗೆ ಲಿಖಿತ ದೂರು ಕೊಟ್ಟು, ತೋಟಗಾರಿಕೆ ಇಲಾಖೆಯವರ ಸಮಕ್ಷಮದಲ್ಲಿ ಮಹಜರು ಆಗುವವರೆಗೆ ಸುಟ್ಟ ಮರಗಳನ್ನು ಕಡಿಸಬೇಡಿ. ಝಳ ತಾಗಿದ ಅಡಿಕೆ ಮರ ಕೂಡಲೇ ಸಾಯದೆ ತಿಂಗಳುಗಳ ನಂತರ ಸುಳಿ ಒಣಗಿ ಹೋಗುವುದುಂಟು. ಆದ್ದರಿಂದ ಹಸಿರಾಗಿ ಕಾಣುವ, ಆದರೆ ಕಾಂಡ ಕರಕಾದ ಮರಗಳನ್ನೂ ಎಣಿಸಿ ಬರೆಯಿಸಿ. ಹವಾಮಾನ ಆಧಾರಿತ ವಿಮೆ ಮಾಡಿಸಿದ್ದರೂ ಅದು ಮಳೆ ಮತ್ತಿತರ ಹವಾಮಾನ ಅಂಕಿಅಂಶದ ಮೇಲೆ ನಡೆಯುವುದರಿಂದ ಕಾಡ್ಗಿಚ್ಚಿನ ನಷ್ಟ ಅದರಲ್ಲಿ ಬರುವುದಿಲ್ಲ.

ಹಣ ನೇರವಾಗಿ ಖಾತೆಗೆ ಬರುವುದರಿಂದ ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ ವ್ಯವಸ್ಥೆ) ಗುರುತಿನ ಸಂಖ್ಯೆಗೆ ಈ ಸರ್ವೆ ನಂಬರ್ ಸೇರಿದೆಯೇ, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಸೊಪ್ಪಿನಬೆಟ್ಟ ಸರ್ಕಾರಿ ಜಮೀನಾದ್ದರಿಂದ ಅದರ ಮರಗಳಿಗೆ ನಿಮಗೆ ಪರಿಹಾರ ಬಾರದು. ಆದರೂ ಬೆಂಕಿ ಯಾವ ದಿಕ್ಕಿನಿಂದ ಬಂತೆಂಬುದು ಮಹಜರಿನಲ್ಲಿ ನಮೂದಾಗಲಿ, ಬೆಂಕಿಯನ್ನು ನೀವೇ ಹಚ್ಚಿದಿರೆಂಬ ಆಕ್ಷೇಪ ಎದ್ದರೆ ಆಗ ಆ ಸಾಲೇ ನಿಮಗೆ ಆಧಾರ.