ಮಗ ಗಡಿಯಲ್ಲಿದ್ದಾನೆ, ಅಪ್ಪನಿಗೆ ಅನುಮಾನ

ಪ್ರಶ್ನೆ: ಮೇಡಂ, ನನಗೆ 57 ವರ್ಷ. ಒಬ್ಬನೇ ಮಗ. ಸೈನ್ಯ ಸೇರಿ ನಾಲ್ಕು ವರ್ಷವಾಯಿತು. ಅವನ ತಾಯಿ ಬೇಡವೇ ಬೇಡ ಎಂದಿದ್ದಳು. ಎರಡು ತಿಂಗಳು ಬೆನ್ನು ಬಿದ್ದು ಅವಳನ್ನು ಒಪ್ಪಿಸಿದವನು ನಾನು. ಅರ್ಜಿ ತುಂಬಿದ್ದೂ ನನ್ನ ಕೈಯಲ್ಲೇ. ಈಗ ಯುದ್ಧ ಶುರುವಾಗಿದೆ, ಅವನು ಗಡಿಯಲ್ಲಿದ್ದಾನೆ. ಭಯ ಇದ್ದೇ ಇದೆ, ಅದಕ್ಕೆ ಮದ್ದು ಕೇಳುತ್ತಿಲ್ಲ. ನನ್ನನ್ನು ಕೊರೆಯುತ್ತಿರುವುದು ಬೇರೆ. ಮೊದಲ ವಾರ ಯುದ್ಧಕ್ಕೆ ಒಂದು ಕಾರಣ ಹೇಳಿದರು. ಮೂರನೇ ವಾರ ಇನ್ನೊಂದು. ಈಗ ಕಾರಣ ಕೇಳುವುದೇ ತಪ್ಪು ಎನ್ನುತ್ತಿದ್ದಾರೆ. ಇದು ನಿಜಕ್ಕೂ ಬೇಕಿತ್ತಾ ಎಂಬ ಅನುಮಾನ ರಾತ್ರಿ ಮೂರು ಗಂಟೆಗೆ ಎಬ್ಬಿಸಿ ಕೂರಿಸುತ್ತದೆ. ಹೆಂಡತಿಗೆ ಹೇಳುವ ಹಾಗಿಲ್ಲ. ‘ಕಳಿಸಿದವರು ನೀವೇ ಅಲ್ವಾ’ ಎಂದರೆ ಏನು ಹೇಳಲಿ? ಸಿಕ್ಕವರೆಲ್ಲ ಕೈಕುಲುಕಿ ‘ಹೆಮ್ಮೆ ಪಡಬೇಕು ಸಾರ್’ ಎನ್ನುತ್ತಾರೆ. ತಲೆಯಾಡಿಸಿ ಬರುತ್ತೇನೆ. ಭಾನುವಾರ ಮಗ ಫೋನ್ ಮಾಡುತ್ತಾನೆ, ನಾಲ್ಕೈದು ನಿಮಿಷ. ಅವನಿಗೆ ಹೇಳಲಾ? ಹೇಳದಿದ್ದರೆ ಮೋಸ ಮಾಡಿದ ಹಾಗೆ, ಹೇಳಿದರೆ ಧೈರ್ಯ ಕೆಡಿಸಿದ ಹಾಗೆ. ಮಗ ಅಲ್ಲಿ ಪ್ರಾಣ ಒತ್ತೆ ಇಟ್ಟಿರುವಾಗ ಅಪ್ಪ ಇಲ್ಲಿ ಹೀಗೆ ಯೋಚಿಸುವುದೇ ಅವನಿಗೆ ಬಗೆಯುವ ದ್ರೋಹವಾ?
— ಹೆಸರು ಬೇಡ

ಉತ್ತರ: ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನನ್ನ ಮಗನೂ 17 ವರ್ಷ ಸೈನ್ಯದಲ್ಲಿದ್ದ. ಈಗ ಮನೆಯಲ್ಲಿದ್ದಾನೆ, ನಾನು ಫೋನ್ ಚಾರ್ಜ್ ಮಾಡುವುದಿಲ್ಲ ಎಂದು ಬೈಯುತ್ತಾನೆ. ಹಾಗಾಗಿ ಬರೀ ಪುಸ್ತಕ ನೋಡಿ ಉತ್ತರ ಬರೆಯುತ್ತಿಲ್ಲ. ಸ್ವಲ್ಪ ಪುಸ್ತಕವೂ ಇರುತ್ತದೆ, ಸಹಿಸಿಕೊಳ್ಳಿ. ಇತಿಹಾಸದ ಟೀಚರ್ ಆಗಿದ್ದವಳ ಚಾಳಿ ಅದು.

ನಿಮ್ಮ ಕೊನೆಯ ಪ್ರಶ್ನೆಯನ್ನು ನೂರು ವರ್ಷದ ಹಿಂದೆ ಒಬ್ಬ ತಾಯಿ ತನ್ನ ದಿನಚರಿಯಲ್ಲಿ ಕೇಳಿಕೊಂಡಿದ್ದರು. ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಕಿರಿಯ ಮಗ ಪೀಟರ್‌ಗೆ 18 ವರ್ಷ. ನಾನೂ ಹೋಗುತ್ತೇನೆ ಎಂದ. ವಯಸ್ಸು ಸಾಲದ್ದರಿಂದ ಅಪ್ಪನ ಒಪ್ಪಿಗೆ ಬೇಕಿತ್ತು. ಅಪ್ಪ ಡಾಕ್ಟರ್, ಆಗುವುದಿಲ್ಲ ಎಂದರು. ಗಂಡನನ್ನು ಒಪ್ಪಿಸಿದ್ದು ಕೇಟೆ. ನಿಮ್ಮ ಮನೆಯಲ್ಲಿ ನಡೆದದ್ದೇ, ಪಾತ್ರ ಮಾತ್ರ ಅದಲುಬದಲು. ಅದೇ ಅಕ್ಟೋಬರ್‌ನಲ್ಲಿ ಪೀಟರ್ ಬೆಲ್ಜಿಯಂನಲ್ಲಿ ಸತ್ತ.

ನಿಮ್ಮ ಮಗ ಕ್ಷೇಮವಾಗಿ ಬರಲಿ. ಈ ಕಥೆಯನ್ನು ಆ ಸಾವಿಗಾಗಿ ಹೇಳುತ್ತಿಲ್ಲ, ಆಮೇಲೆ ಆಕೆ ಪಟ್ಟ ಪಾಡಿಗಾಗಿ ಹೇಳುತ್ತಿದ್ದೇನೆ. ಮಗ ಈ ಯುದ್ಧವನ್ನು ನಂಬಿ ಹೋದವನು. ಎರಡು ವರ್ಷ ಆಕೆಯೂ ಅವನ ಸಲುವಾಗಿ ಅದನ್ನು ನಂಬಲು ಒದ್ದಾಡಿದರು. 1916ರಲ್ಲಿ ಆಗಲಿಲ್ಲ. ಯುದ್ಧದಲ್ಲಿ ನನಗೀಗ ಹುಚ್ಚುತನ ಮಾತ್ರ ಕಾಣುತ್ತಿದೆ, ಹೀಗೆ ಕಂಡರೆ ನಿನಗೆ ದ್ರೋಹವಾ ಎಂದು ಸತ್ತ ಮಗನನ್ನೇ ಕೇಳಿ ಬರೆದುಕೊಂಡರು. 1918ರ ಕೊನೆಗೆ, ಸೋಲು ಕಣ್ಣೆದುರಿಗಿದ್ದಾಗಲೂ ಇನ್ನಷ್ಟು ಜನ ಹೋಗಿ ಹೋರಾಡಿ ಎಂದು ಹೆಸರಾಂತ ಕವಿಯೊಬ್ಬ ಕರೆ ಕೊಟ್ಟ. ಅವನಿಗೆ ಆಕೆ ಪತ್ರಿಕೆಯಲ್ಲೇ ಉತ್ತರ ಬರೆದರು. ಸಾಕು, ಇನ್ನೊಬ್ಬನೂ ಸಾಯಬಾರದು ಎಂದು. ದ್ರೋಹ ಎಂಬ ಗಂಟು ಆ ಹೊತ್ತಿಗೆ ಅವರೊಳಗೆ ಬಿಚ್ಚಿಕೊಂಡಿತ್ತು ಎಂದು ನಾನು ಓದಿಕೊಳ್ಳುತ್ತೇನೆ.

ನಮ್ಮ ಗಾಂಧಾರಿಯನ್ನೇ ನೋಡಿ. 18 ದಿನವೂ ದುರ್ಯೋಧನ ಬಂದು ಗೆಲುವಿನ ಆಶೀರ್ವಾದ ಕೇಳುತ್ತಾನೆ. ಧರ್ಮ ಎಲ್ಲಿದೆಯೋ ಗೆಲುವು ಅಲ್ಲಿ ಎನ್ನುತ್ತಾಳೆ ಹೊರತು ನೀನು ಗೆಲ್ಲು ಎನ್ನುವುದಿಲ್ಲ. ಅದೇ ಗಾಂಧಾರಿ ಕಣ್ಣಿನ ಪಟ್ಟಿ ಬಿಚ್ಚಿ, ಮಗನ ಮೈ ವಜ್ರವಾಗಲಿ ಎಂದು ನೋಡಿದಳು ಎಂಬ ಕಥೆಯನ್ನು ಜನ ಸೇರಿಸಿದ್ದಾರೆ. ವ್ಯಾಸರದಲ್ಲದಿದ್ದರೂ ಸೇರಿಸಿದವರು ಮಕ್ಕಳನ್ನು ಹೆತ್ತವರೇ ಇರಬೇಕು. ನಿನ್ನ ಯುದ್ಧ ಸರಿಯಲ್ಲ, ಆದರೆ ನಿನ್ನ ಮೈಗೆ ಒಂದು ಗೀರೂ ಬೀಳಬಾರದು. ಎರಡೂ ಒಬ್ಬಳದೇ ಮನಸ್ಸು. ನಿಮ್ಮದೂ ಅದೇ. ಇದರಲ್ಲಿ ದ್ರೋಹ ಎಲ್ಲಿ ಬಂತು?

ಇನ್ನು ನಿಮ್ಮ ಅನುಮಾನ. ಅದು ಗೌರವದ ವಿಷಯ, ಹಾಗೆಂದು ಸರಿಯೇ ಇರಬೇಕೆಂದಿಲ್ಲ. 1938ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್ ಜೊತೆ ಒಪ್ಪಂದ ಮಾಡಿಕೊಂಡು ಬಂದ ಬ್ರಿಟನ್ ಪ್ರಧಾನಿ ಚೇಂಬರ್ಲೇನ್‌ಗೆ ಜನ ಜೈಕಾರ ಹಾಕಿದರು. ಅವರಲ್ಲಿ ಎಷ್ಟು ಅಪ್ಪ ಅಮ್ಮಂದಿರಿದ್ದರೋ. ಒಂದು ವರ್ಷಕ್ಕೆ ಹಿಟ್ಲರ್ ಪೋಲೆಂಡ್ ಮೇಲೆ ಬಿದ್ದ. ಮಕ್ಕಳನ್ನು ಕಳಿಸದೆ ಬೇರೆ ದಾರಿ ಉಳಿಯಲಿಲ್ಲ. ಅದಕ್ಕೇ ರಾತ್ರಿ ಮೂರು ಗಂಟೆಗೆ ಅನುಮಾನವನ್ನು ಬರೀ ನೋವಾಗಿ ಇಟ್ಟುಕೊಳ್ಳಬೇಡಿ. ಅದನ್ನು ಪ್ರಶ್ನೆ ಮಾಡಿಕೊಳ್ಳಿ.

ಪ್ರಶ್ನೆಗಳು ಹೊಸವೇನಲ್ಲ. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಎಂಬ ಪಾದ್ರಿ ಮೂರನ್ನು ಬರೆದಿಟ್ಟ. ಯುದ್ಧ ಸಾರಿದವರಿಗೆ ಆ ಅಧಿಕಾರ ಇದೆಯಾ? ಕಾರಣ ನ್ಯಾಯವಾದದ್ದಾ? ಉದ್ದೇಶ ಹೇಳಿದ್ದೇನಾ ಅಥವಾ ಒಳಗೊಂದು ಹೊರಗೊಂದಾ? ಮುಂದೆ ಬಂದವರು ಇನ್ನೂ ಕೆಲವನ್ನು ಸೇರಿಸಿದರು. ಬೇರೆ ದಾರಿಗಳನ್ನೆಲ್ಲ ನಿಜವಾಗಿ ಹಿಡಿದು ನೋಡಿದರಾ? ಆಗುವ ಒಳ್ಳೆಯದಕ್ಕಿಂತ ಹಾನಿಯೇ ಜಾಸ್ತಿ ಆಗುತ್ತದಾ? 1945ರ ವಿಶ್ವಸಂಸ್ಥೆಯ ಸನ್ನದು ಇನ್ನೂ ಬಿಗಿ. ಒಂದು ದೇಶ ಇನ್ನೊಂದರ ಮೇಲೆ ಬಲಪ್ರಯೋಗ ಮಾಡುವಂತಿಲ್ಲ. ಮೈಮೇಲೆ ಬಂದವರನ್ನು ತಡೆಯುವ ಹಕ್ಕು ಮಾತ್ರ 51ನೇ ವಿಧಿಯಲ್ಲಿ ಉಳಿದಿದೆ. ಅದು ಬಿಟ್ಟರೆ ಭದ್ರತಾ ಮಂಡಳಿ ಒಪ್ಪಬೇಕು. ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಸರ್ಕಾರ ಹೇಳಿದ್ದನ್ನು ತಾರೀಖಿನ ಸಮೇತ ಬರೆಯಿರಿ. ಕಾರಣ ಬದಲಾಯಿತು ಎಂದಿರಲ್ಲ, ಅದು ಹಾಳೆಯ ಮೇಲೆ ಎಷ್ಟು ನಿಲ್ಲುತ್ತದೆ ನೋಡಿ. ಕೆಲವೊಮ್ಮೆ ಕಾರಣ ಬದಲಾಗಿರುವುದಿಲ್ಲ, ಟಿವಿಯವರು ಬದಲಾಯಿಸಿರುತ್ತಾರೆ.

ಆದರೂ ಪೂರ್ತಿ ಲೆಕ್ಕ ಈಗಲೇ ಸಿಗುವುದಿಲ್ಲ. 2003ರ ಇರಾಕ್ ಯುದ್ಧಕ್ಕೆ ಬ್ರಿಟನ್ ಸೇರಿದ್ದು ಸರಿಯಾ ಎಂದು ಸರ್ ಜಾನ್ ಚಿಲ್ಕಾಟ್ ಸಮಿತಿ ವಿಚಾರಣೆ ನಡೆಸಿತು. ಶಾಂತಿಯ ದಾರಿಗಳು ಇನ್ನೂ ಮುಗಿದಿರಲಿಲ್ಲ, ಆ ಹೊತ್ತಿಗೆ ಯುದ್ಧ ಕೊನೆಯ ಉಪಾಯವಾಗಿರಲಿಲ್ಲ ಎಂದು ವರದಿ ಹೇಳಿತು. ಯಾವಾಗ? 2016ರ ಜುಲೈನಲ್ಲಿ. 12 ಸಂಪುಟ. ಅಷ್ಟರಲ್ಲಿ ಇರಾಕ್‌ನಲ್ಲಿ ಸತ್ತ ಬ್ರಿಟಿಷ್ ಸೈನಿಕರು 179 ಜನ. ಇರಾಕಿನವರ ಲೆಕ್ಕ ಬೇರೆಯೇ, ಅದು ಬಹಳ ದೊಡ್ಡದು. ಆ 179 ಮನೆಗಳಲ್ಲಿ ಕೆಲವರು ಮೊದಲ ದಿನದಿಂದಲೇ ನಿಮ್ಮ ಹಾಗೆ ಎದ್ದು ಕೂತಿದ್ದರು. ಅವರಿಗೆ ಸರಿ ಎಂದು ಅನಿಸಿಕೊಳ್ಳಲು 13 ವರ್ಷ ಬೇಕಾಯಿತು.

ಮಗನಿಗೆ ಹೇಳಲಾ ಎಂದಿರಿ. ನಾನು ಹೇಳಿ ಕೆಟ್ಟವಳು. ಒಂದು ಭಾನುವಾರ, ಅವನು ‘ಅಮ್ಮಾ, ಹೇಗಿದ್ದೀಯ’ ಎಂದದ್ದೇ ತಡ, ಬೆಳಗ್ಗೆ ಪೇಪರ್ ಓದಿ ಕುದಿಯುತ್ತಿದ್ದ ನಾನು, ನೀನು ಅಲ್ಲಿರುವುದೇ ತಪ್ಪು ಎಂದುಬಿಟ್ಟೆ. ಆ ಕಡೆ ಸದ್ದಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ. ಆಮೇಲೆ ‘ಸರಿ ಅಮ್ಮಾ, ಇಲ್ಲಿ ಕ್ಯೂ ಇದೆ’ ಎಂದು ಇಟ್ಟ. ಮುಂದಿನ ಮೂರು ವಾರ ‘ಚೆನ್ನಾಗಿದ್ದೀನಿ’ ಬಿಟ್ಟು ಬೇರೆ ಮಾತಿಲ್ಲ. ಎಷ್ಟೋ ವರ್ಷದ ಮೇಲೆ ಅವನೇ ಹೇಳಿದ: ನೀನು ಹೇಳಿದ್ದು ನನಗೂ ಅನಿಸಿತ್ತಮ್ಮಾ, ಆದರೆ ಅವತ್ತು ರಾತ್ರಿ ನನಗೆ ಪಾಳಿ ಇತ್ತು.

ಅವನ ಕೈಯಲ್ಲಿ ಇಲ್ಲದ್ದನ್ನು ಅವನ ತಲೆಗೆ ಹಾಕಿದ್ದೆ ನಾನು. ಯುದ್ಧ ಮಾಡಬೇಕೋ ಬೇಡವೋ ಎಂಬುದನ್ನು ಸಿಪಾಯಿ ತೀರ್ಮಾನಿಸುವುದಿಲ್ಲ. ಕಾನೂನೂ ಅವನನ್ನು ಅದಕ್ಕೆ ಹೊಣೆ ಮಾಡುವುದಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ನಿಯಮದಲ್ಲೂ ಆಕ್ರಮಣದ ಅಪರಾಧ ಹೊರಿಸುವುದು ದೇಶವನ್ನೋ ಸೈನ್ಯವನ್ನೋ ನಡೆಸುವ ಸ್ಥಾನದಲ್ಲಿ ಇರುವವರ ಮೇಲೆ ಮಾತ್ರ. ಅವನು ಹೊಣೆಯಾಗುವುದು ಹೇಗೆ ಹೋರಾಡುತ್ತಾನೆ ಎಂಬುದಕ್ಕೆ. ಯಾಕೆ ಹೋರಾಡಬೇಕು ಎಂದು ಕೇಳುವ ಕೆಲಸ ಇಲ್ಲಿ ಕೂತಿರುವ ನಮ್ಮದು, ವೋಟು ಹಾಕಿದವರದು. ಅದನ್ನು ಫೋನಿನಲ್ಲಿ ಅವನಿಗೆ ದಾಟಿಸಬೇಡಿ.

ಹಾಗೆಂದು ಸುಳ್ಳೂ ಬೇಡ. ಅವನಾಗಿಯೇ ‘ಅಪ್ಪಾ, ನಿನಗೇನನಿಸುತ್ತೆ’ ಎಂದು ಕೇಳಿದರೆ ನಿಜ ಹೇಳಿ. ನನಗೆ ಅನುಮಾನ ಇದೆ ಕಣೋ, ಅದನ್ನು ನಾನು ನೋಡಿಕೊಳ್ಳುತ್ತೇನೆ, ನೀನು ನಿನ್ನ ಜೊತೆಯವರನ್ನು ನೋಡಿಕೊ. ಇಷ್ಟು ಸಾಕು. ಕೇಳದಿದ್ದರೆ ಆ ನಾಲ್ಕೈದು ನಿಮಿಷದಲ್ಲಿ ಅವನಿಗೆ ಬೇಕಾದ್ದನ್ನು ಮಾತಾಡಿ. ನನ್ನ ಮಗನಿಗೆ ಬೇಕಿದ್ದದ್ದು ಬೆಕ್ಕಿನ ಸುದ್ದಿ. ಬೆಕ್ಕು ಸತ್ತು ಹೋದ ಮೇಲೂ ಎರಡು ತಿಂಗಳು ಸುದ್ದಿ ಹೇಳಿದ್ದೇನೆ. ಆ ಒಂದು ಸುಳ್ಳಿಗೆ ಕ್ಷಮೆ ಇದೆ ಎಂದುಕೊಂಡಿದ್ದೇನೆ.

‘ನಾನು ನೋಡಿಕೊಳ್ಳುತ್ತೇನೆ’ ಎಂದ ಮೇಲೆ ಸುಮ್ನೆ ಕೂರುವಂತಿಲ್ಲ. ಇಸ್ರೇಲ್ ಸೈನ್ಯ ದಕ್ಷಿಣ ಲೆಬನಾನ್‌ನಲ್ಲಿ ವರ್ಷಗಟ್ಟಲೆ ಕೂತಿದ್ದಾಗ, 1997ರ ಫೆಬ್ರವರಿಯಲ್ಲಿ ಅಲ್ಲಿಗೆ ಹೊರಟಿದ್ದ ಎರಡು ಹೆಲಿಕಾಪ್ಟರ್ ಡಿಕ್ಕಿಯಾಗಿ 73 ಸೈನಿಕರು ಸತ್ತರು. ಆಮೇಲೆ ಸೈನಿಕರ ತಾಯಂದಿರು ನಾಲ್ವರು ಸೇರಿ, ನಮ್ಮ ಮಕ್ಕಳು ಅಲ್ಲಿ ಯಾಕಿದ್ದಾರೆ ಎಂದು ಕೇಳತೊಡಗಿದರು. ಚಳವಳಿಗೆ ‘ನಾಲ್ಕು ತಾಯಂದಿರು’ ಎಂದೇ ಹೆಸರು. ಮಕ್ಕಳು ಸೈನ್ಯದಲ್ಲೇ ಇದ್ದರು. ಯೋಧರ ಧೈರ್ಯ ಕುಗ್ಗಿಸುತ್ತಿದ್ದೀರಿ ಎಂಬ ಬೈಗುಳ ಬಂತು. ಅವರು ನಿಲ್ಲಿಸಲಿಲ್ಲ. 1999ರ ಚುನಾವಣೆಯಲ್ಲಿ ಸೈನ್ಯವನ್ನು ವಾಪಸ್ ಕರೆಸುವುದೇ ಒಂದು ಭರವಸೆಯಾಯಿತು, 2000ದ ಮೇನಲ್ಲಿ ಕರೆಸಿದರು. 2006ರಲ್ಲಿ ಅಲ್ಲೇ ಮತ್ತೆ ಯುದ್ಧವಾಯಿತು. ತಾಯಂದಿರದ್ದು ಸರಿಯೋ ತಪ್ಪೋ ಎಂದು ಆ ದೇಶದಲ್ಲಿ ಇವತ್ತಿಗೂ ಜಗಳ ಇದೆ. ಆದರೆ ಪ್ರಶ್ನೆಯನ್ನು ಅವರು ಇಟ್ಟದ್ದು ಸರ್ಕಾರದ ಮುಂದೆ, ಮಕ್ಕಳ ಮುಂದೆ ಅಲ್ಲ. ನಿಮ್ಮ ಹಾಳೆಯೂ ನಿಮ್ಮ ಸಂಸದರಿಗೆ ಹೋಗಲಿ. ಉತ್ತರ ಬರದಿದ್ದರೆ ಇನ್ನೊಂದು ಬರೆಯಿರಿ.

ಕೊನೆಗೆ ನಿಮ್ಮ ಹೆಂಡತಿ. ಕೋಲ್ವಿಟ್ಸ್ ಮಗನಿಗಾಗಿ ಶಿಲ್ಪ ಮಾಡಬೇಕೆಂದು ಹೊರಟು ಮುಗಿಸಿದ್ದು 1932ರಲ್ಲಿ. ಸುಮಾರು 18 ವರ್ಷ, ಅಂದರೆ ಪೀಟರ್ ಬದುಕಿದ್ದಷ್ಟೇ ಕಾಲ. ಶಿಲ್ಪದಲ್ಲಿ ಮಗ ಇಲ್ಲ. ಮೊಣಕಾಲೂರಿದ ಅಪ್ಪ, ಮೊಣಕಾಲೂರಿದ ಅಮ್ಮ. ಎರಡು ಬೇರೆ ಬೇರೆ ಕಲ್ಲು, ನಡುವೆ ಜಾಗ. ಅಪ್ಪ ತನ್ನನ್ನು ತಾನೇ ತಬ್ಬಿಕೊಂಡಿದ್ದಾನೆ, ಅಮ್ಮನ ತಲೆ ಬಗ್ಗಿದೆ. ಒಬ್ಬರನ್ನೊಬ್ಬರು ನೋಡುವುದಿಲ್ಲ. ನೀವು ಮೂರು ಗಂಟೆಗೆ ಎದ್ದು ಕೂತಾಗ ಆಕೆಗೆ ನಿದ್ದೆ ಬಂದಿರುತ್ತದೆ ಅಂದುಕೊಂಡಿದ್ದೀರಾ? ಬೈದರೆ ಬೈಯಲಿ. ‘ಕಳಿಸಿದವರು ನೀವೇ’ ಎಂದರೆ ಹೌದು ಎನ್ನಿ. ಇವತ್ತೇ ಹೇಳಿ.

ಪ್ರಶ್ನೆ: ನಮ್ಮ ಅಣ್ಣ ಸೈನ್ಯದಲ್ಲಿದ್ದಾನೆ. ತಪ್ಪು ಎಂದು ಗೊತ್ತಾದ ಮೇಲೆ ಯುದ್ಧಕ್ಕೆ ಬರಲ್ಲ ಎನ್ನಬಹುದಲ್ವಾ? ಹೇಳಿದ್ದನ್ನೆಲ್ಲ ಮಾಡಲೇಬೇಕಾ?
— ತಂಗಿ

ಉತ್ತರ: ಎರಡು ಪ್ರಶ್ನೆ ಬೆರೆಸಿದ್ದೀರಿ. ಈ ಒಂದು ಯುದ್ಧಕ್ಕೆ ಮಾತ್ರ ಬರಲ್ಲ ಎನ್ನುವುದನ್ನು ಕಾನೂನು ಸುಲಭವಾಗಿ ಒಪ್ಪುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ ಹೇಳಿದ್ದೂ ಇದನ್ನೇ: ಎಲ್ಲ ಯುದ್ಧಗಳನ್ನೂ ಮನಃಸಾಕ್ಷಿಯಿಂದ ವಿರೋಧಿಸುವವರಿಗೆ ವಿನಾಯಿತಿ ಉಂಟು, ಯಾವುದೋ ಒಂದನ್ನು ಆರಿಸಿಕೊಂಡು ವಿರೋಧಿಸುವವರಿಗೆ ಇಲ್ಲ. ನನಗೆ ಈ ತೀರ್ಪು ಸರಿ ಕಾಣುವುದಿಲ್ಲ. ಯೋಚಿಸುವ ಮನುಷ್ಯ ಆರಿಸದೆ ಇನ್ನೇನು ಮಾಡಬೇಕು?

ಹೇಳಿದ್ದನ್ನೆಲ್ಲ ಮಾಡಬೇಕಾ ಎಂಬುದಕ್ಕೆ ಉತ್ತರ ಸ್ಪಷ್ಟ. ಬೇಡ. ಮೇಲಿನವರ ಆಜ್ಞೆ ಎಂಬ ನೆಪ ನಡೆಯುವುದಿಲ್ಲ ಎಂದು ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯಲ್ಲೇ ತೀರ್ಮಾನವಾಯಿತು. 1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನೂರಾರು ಹಳ್ಳಿಗರನ್ನು ಕೊಲ್ಲುತ್ತಿದ್ದರು. ಹ್ಯೂ ಥಾಂಪ್ಸನ್ ಎಂಬ 24 ವರ್ಷದ ಪೈಲಟ್ ಮೇಲಿನಿಂದ ನೋಡಿದ. ಓಡುತ್ತಿದ್ದ ಹಳ್ಳಿಗರಿಗೂ ತನ್ನವರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ನಮ್ಮವರು ಇವರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆ ಹಾರಿಸಿ ಎಂದು ಜೊತೆಯಲ್ಲಿದ್ದ ಇಬ್ಬರಿಗೆ ಹೇಳಿದ. ಉಳಿದವರನ್ನು ಸಾಗಿಸಿದ, ವರದಿ ಕೊಟ್ಟ. ಊರಿಗೆ ಬಂದ ಮೇಲೆ ಎಷ್ಟೋ ಜನ ಅವನನ್ನು ದ್ರೋಹಿಯಂತೆ ನೋಡಿದರು. ಪದಕ ಬಂದದ್ದು 1998ರಲ್ಲಿ. ರಜೆಗೆ ಬಂದಾಗ ಅಣ್ಣನಿಗೆ ಈ ಕಥೆ ಹೇಳಿ. ಅವನಿಗೆ ಗೊತ್ತಿರಲೂಬಹುದು, ಆಗ ಅವನೇ ಹೇಳಲಿ, ನೀವು ಕೇಳಿ.

ಪ್ರಶ್ನೆ: ಯುದ್ಧ ಬೇಡ ಎನ್ನುವವರು ಗಡಿಯಲ್ಲಿರುವ ಸೈನಿಕರಿಗೆ ಅವಮಾನ ಮಾಡುತ್ತಿದ್ದಾರೆ. ಟಿವಿ ಚರ್ಚೆ ನೋಡಿ ರಕ್ತ ಕುದಿಯುತ್ತದೆ. ಏನಂತೀರಿ?
— ದೇಶಾಭಿಮಾನಿ

ಉತ್ತರ: ನನ್ನ ಮಗ ರಜೆಗೆ ಬಂದಾಗಲೂ ನಮ್ಮ ಮನೆಯಲ್ಲಿ ಆ ಚರ್ಚೆ ಓಡುತ್ತಿರುತ್ತಿತ್ತು. ಅವನು ಒಳಗೆ ಬಂದು ಬ್ಯಾಗ್ ಇಳಿಸಿ ಮೊದಲು ಕೇಳುತ್ತಿದ್ದದ್ದು, ರಿಮೋಟ್ ಎಲ್ಲಿ ಅಂತ.