ನೋವು ಕಡಿಮೆ ಎಂದು ಸುಮ್ಮನಿರಬೇಡಿ

ಪ್ರಶ್ನೆ: ನನಗೆ 31 ವರ್ಷ. ಕ್ರೋನ್ಸ್ ಕಾಯಿಲೆಗೆ (ಕರುಳಿನ ದೀರ್ಘಕಾಲದ ಉರಿಯೂತ) ಎರಡು ತಿಂಗಳಿಂದ ದಿನಕ್ಕೆ 20 ಮಿ.ಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ತೆಗೆದುಕೊಳ್ಳುತ್ತಿದ್ದೇನೆ. ಮೂರು ದಿನದ ಹಿಂದೆ ಬೈಕ್ ಜಾರಿ ಹ್ಯಾಂಡಲ್ ತುದಿ ಹೊಕ್ಕುಳ ಮೇಲೆ ಗುದ್ದಿತು. ಅಲ್ಟ್ರಾಸೌಂಡ್‌ನಲ್ಲಿ ಏನೂ ಇಲ್ಲ ಎಂದರು. ನೋವು ಅಷ್ಟಿಲ್ಲ, ಆದರೆ ಹೊಟ್ಟೆ ಉಬ್ಬರಿಸಿದೆ. ನೋವಿನ ಮಾತ್ರೆ ಡೈಕ್ಲೋಫಿನಾಕ್ ನುಂಗಬಹುದೇ? ಸ್ಟೀರಾಯ್ಡ್ ನಿಲ್ಲಿಸಲೇ?
– ಓದುಗರು, ಶಿರಸಿ

ಉತ್ತರ: ಸಿ.ಟಿ. ಸ್ಕ್ಯಾನ್ ಮತ್ತು ಸರ್ಜನ್ ಇಬ್ಬರೂ ಸಿಗುವ ಆಸ್ಪತ್ರೆಗೆ ಇವತ್ತೇ ಹೋಗಿ. ಪತ್ರ ಕೈಸೇರಿದ ದಿನವೇ ಫೋನಿನಲ್ಲೂ ನಿಮಗೆ ಇದನ್ನೇ ತಿಳಿಸಿದ್ದೇವೆ; ಇದೇ ಮಾತ್ರೆಗಳಲ್ಲಿರುವ ಬೇರೆಯವರಿಗೂ ಗೊತ್ತಿರಲಿ ಎಂದು ಇಲ್ಲಿ ವಿವರ.

ಹ್ಯಾಂಡಲ್ ತುದಿ ಹತ್ತು ರೂಪಾಯಿ ನಾಣ್ಯದಷ್ಟು ಅಗಲ. ಬಿದ್ದ ರಭಸವೆಲ್ಲ ಆ ಒಂದೇ ಜಾಗಕ್ಕೆ. ಹಿಂದೆ ಬೆನ್ನುಮೂಳೆ, ಮುಂದೆ ಹ್ಯಾಂಡಲ್, ನಡುವೆ ಸಿಕ್ಕಿಕೊಳ್ಳುವುದು ಸಣ್ಣ ಕರುಳು. ಹೊರಗೆ ದುಂಡನೆಯ ನೀಲಿ ಕಲೆಯಷ್ಟೇ ಕಾಣುತ್ತದೆ. ಬೇರೆಯವರಿಗೆ ಕರುಳು ತೂತಾದರೆ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ಜ್ವರ ಏರುತ್ತದೆ, ಮುಟ್ಟಲು ಬಿಡುವುದಿಲ್ಲ. ಆ ಲಕ್ಷಣಗಳೆಲ್ಲ ಉರಿಯೂತದಿಂದ ಬರುವಂಥವು. ಪ್ರೆಡ್ನಿಸೊಲೋನ್ ಅಡಗಿಸುವುದೂ ಅದನ್ನೇ. ಅಜಥಯೋಪ್ರಿನ್ ಬಿಳಿ ರಕ್ತಕಣ ತಗ್ಗಿಸುವುದರಿಂದ ರಕ್ತಪರೀಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ. ಸುಮ್ಮನೆ ಕೂತಿದ್ದಾಗಲೂ ನಾಡಿ ನಿಮಿಷಕ್ಕೆ 100 ದಾಟುವುದು, ವಾಂತಿ, ಗಾಳಿ ಹೋಗದಿರುವುದು, ಭುಜದಲ್ಲಿ ನೋವು – ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ.

ಅಲ್ಟ್ರಾಸೌಂಡ್ ಲಿವರ್, ಸ್ಪ್ಲೀನ್ (ಗುಲ್ಮ) ಗಾಯದಿಂದ ಸೋರಿದ ರಕ್ತವನ್ನು ತೋರಿಸುತ್ತದೆ, ಕರುಳಿನ ತೂತು ಅದರಲ್ಲಿ ತಪ್ಪಿಹೋಗುವುದುಂಟು. ಕಾಂಟ್ರಾಸ್ಟ್ (ಒಳಭಾಗ ಎದ್ದುಕಾಣಿಸುವ ಔಷಧ) ಕೊಟ್ಟು ಮಾಡುವ ಸಿ.ಟಿ. ಅದಕ್ಕಿಂತ ಮೇಲು. ಪೆಟ್ಟಾದ ಮೊದಲ ಕೆಲವು ಗಂಟೆಗಳಲ್ಲಿ ಅದೂ ತಪ್ಪಬಹುದು, ಆದ್ದರಿಂದಲೇ ಇಂಥವರನ್ನು ಕನಿಷ್ಠ 24 ಗಂಟೆ ಅಡ್ಮಿಟ್ ಮಾಡಿಕೊಂಡು ಮತ್ತೆ ಮತ್ತೆ ನೋಡುವುದು. ನಿಮ್ಮ ಹಳೆಯ ಸ್ಕ್ಯಾನ್‌ಗಳನ್ನು ಮರೆಯದೆ ಒಯ್ಯಿರಿ: ಕ್ರೋನ್ಸ್‌ನಿಂದ ದಪ್ಪಗಾದ ಕರುಳಿನ ಗೋಡೆಯೂ ಪೆಟ್ಟಿನ ಬಾವೂ ಸಿ.ಟಿ.ಯಲ್ಲಿ ಒಂದೇ ಥರ ಕಾಣಬಹುದು.

ಸ್ಟೀರಾಯ್ಡನ್ನು ಮಾತ್ರ ತಟಕ್ಕನೆ ನಿಲ್ಲಿಸಬೇಡಿ. ಮೂರು ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ದೇಹಕ್ಕೆ ಬೇಕಾದ ಸ್ಟೀರಾಯ್ಡ್ ತಯಾರಿಸುವ ತನ್ನ ಕೆಲಸ ಮರೆತಿರಬಹುದು. ದೊಡ್ಡ ಗಾಯವಾದಾಗ, ಆಪರೇಷನ್ ಆದಾಗ ಬಿ.ಪಿ. ಕುಸಿದು ಜೀವಕ್ಕೇ ಬರಬಹುದು. ಆಗ ಸಾಮಾನ್ಯವಾಗಿ 100 ಮಿ.ಗ್ರಾಂ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಬೇಕಾಗುತ್ತದೆ. ಮಾತ್ರೆಯ ಹೆಸರು, ಪ್ರಮಾಣ, ಎಷ್ಟು ದಿನದಿಂದ ಎಂಬುದನ್ನು ಚೀಟಿಯಲ್ಲಿ ಬರೆದು ಕ್ಯಾಶುವಾಲ್ಟಿಯಲ್ಲೇ ಕೊಡಿ.

ಡೈಕ್ಲೋಫಿನಾಕ್ ಬೇಡವೇ ಬೇಡ. ಕರುಳಿನ ಹುಣ್ಣನ್ನು ಕೆರಳಿಸುತ್ತದೆ, ಸ್ಟೀರಾಯ್ಡ್ ಜೊತೆಗೆ ಸೇರಿದರೆ ಜಠರದಲ್ಲೂ ರಕ್ತಸ್ರಾವವಾದೀತು. ನೋವಿಗೆ ಪ್ಯಾರಸಿಟಮಾಲ್ ಆದೀತು, ಅದೂ ವೈದ್ಯರು ನೋಡಿದ ಮೇಲೆ. ಅಲ್ಲಿಯವರೆಗೆ ಊಟ ಬೇಡ, ಆಪರೇಷನ್ ಬೇಕಾಗಬಹುದು.

ಪ್ರಶ್ನೆ: 16ರ ಮಗಳಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು). ಈಗ ಹತೋಟಿಯಲ್ಲಿದೆ, ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರ ಇದೆ. ಕಬಡ್ಡಿ ಆಡಬಹುದೇ?
– ಓದುಗರು, ಮಂಡ್ಯ

ಉತ್ತರ: ಖಂಡಿತ ಆಡಲಿ. ರಕ್ತಭೇದಿ ಮರುಕಳಿಸಿದಾಗ, ಸ್ಟೀರಾಯ್ಡ್ ನಡೆಯುವಾಗ ಬಿಡಿಸಿ. ಆಟದಲ್ಲಿ ಹೊಟ್ಟೆಗೆ ಪೆಟ್ಟು ಬಿದ್ದ ಮೇಲೆ ಮಲದಲ್ಲಿ ರಕ್ತ ಕಂಡರೆ, ಹಳೆಯ ಕಾಯಿಲೆಯೇ ಎಂದುಕೊಂಡು ಮನೆಯಲ್ಲೇ ಮಾತ್ರೆ ಹೆಚ್ಚಿಸಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ.